ಹದ ಬರುವ ತನಕ

(ಬಾಗಲಕೋಟೆಯ ನವನಗರದಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲಾರಿಗೂ ಶರಣ್ರಿ.

ನಮ್ಮ ಜಿಲ್ಲೆಯಲ್ಲಿ ‘ಪರಿಹಾರ’ ಅನ್ನುವ ಮಾತಿಗೆ ಬೇರೆ ಕಡೆ ಇಲ್ಲದ ತೂಕ ಇದೆ. ಉಳಿದವರಿಗೆ ಪರಿಹಾರ ಅಂದರೆ ಸಮಸ್ಯೆಗೆ ಉತ್ತರ. ಇಲ್ಲಿ “ಪರಿಹಾರ ಬಂತೇನು?” ಅಂದರೆ ಮುಳುಗಡೆಯಾದ ಮನೆಗೆ, ಹೊಲಕ್ಕೆ ದುಡ್ಡು ಬಂತೇನು ಅಂತಲೇ ಅರ್ಥ. ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅಣೆಕಟ್ಟು ನಾಡಿಗೆ ಅರ್ಪಣೆಯಾದದ್ದು 2006ರಲ್ಲಿ. ನಡುವಿನ ಆ ನಲವತ್ತೆರಡು ವರ್ಷ ಎಷ್ಟು ಮನೆಗಳ ಕಟ್ಟೆಯ ಮೇಲೆ ಈ ಒಂದು ಮಾತು ಓಡಾಡಿರಬಹುದು! ನನ್ನ ಕೋಣೆಗೆ ಬರುವವರೂ ಮೊದಲ ದಿನ ಅದನ್ನೇ ಕೇಳುತ್ತಾರೆ. “ಇದಕ್ಕೇನರ ಪರಿಹಾರ ಹೇಳ್ರಿ ಬಾಯಾರ.” ಆ ಮಾತಿನಲ್ಲಿ ಎರಡೂ ಅರ್ಥ ಬೆರೆತಿರುತ್ತವೆ. ನನಗೆ ದಾರಿ ತೋರಿಸಿ ಅನ್ನುವುದು ಒಂದು. ನಾನು ಕಳೆದುಕೊಂಡದ್ದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯಿರಿ ಅನ್ನುವುದು ಇನ್ನೊಂದು.

ನಾನು ಮನೋಚಿಕಿತ್ಸಕಿ. ಗುಳಿಗೆ ಬರೆಯುವವರು ಮನೋವೈದ್ಯರು, ನಾನಲ್ಲ. ನನ್ನದು ಕೂತು ಮಾತಾಡುವ, ಒಮ್ಮೊಮ್ಮೆ ಮಾತೇ ಆಡದೆ ಕೂರುವ ಕೆಲಸ. ವಾರಕ್ಕೊಮ್ಮೆ, ಐವತ್ತು ನಿಮಿಷ. ಕೆಲವರ ಜೊತೆ ಆರು ತಿಂಗಳು, ಕೆಲವರ ಜೊತೆ ಮೂರು ವರ್ಷ. “ಮೂರು ವರ್ಷ ಏನ ಮಾತಾಡ್ತೀರಿ?” ಅಂತ ನಿಮ್ಮ ಬಳಗದವರೊಬ್ಬರು ಫೋನಿನಲ್ಲಿ ಕೇಳಿದ್ದರು. ಮನಸ್ಸಿಗೆ ಆದ ಗಾಯ, ಅಂದರೆ ಟ್ರಾಮಾ, ಮಾಯುವುದು ಹೇಗೆ ಅನ್ನುವ ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಾನು ಹೇಳುವ ಉದಾಹರಣೆಗಳಲ್ಲಿ ಬರುವವರು ಯಾರೂ ಒಬ್ಬೊಬ್ಬರಲ್ಲ. ಹಲವರ ಅನುಭವ ಕೂಡಿಸಿ, ಊರು ಮನೆ ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತಿದ್ದೇನೆ.

ಟ್ರಾಮಾ ಅಂದ ಕೂಡಲೇ ನಮಗೆ ನೆನಪಾಗುವುದು ಆಸ್ಪತ್ರೆಯ ಅಪಘಾತ ವಿಭಾಗದ ಬೋರ್ಡು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಗಾಯ ಅಂತಲೇ ಅರ್ಥ. ಕನ್ನಡದಲ್ಲಿ ನಾವು ಆಘಾತ ಅನ್ನುತ್ತೇವೆ. ನನಗೆ ಈ ಶಬ್ದದ ಮೇಲೆ ಒಂದು ತಕರಾರಿದೆ. ಆಘಾತ ಅಂದರೆ ಪೆಟ್ಟು. ಪೆಟ್ಟು ಬಿದ್ದ ಗಳಿಗೆ ಮುಗಿದುಹೋಗುತ್ತದೆ, ಗಾಯ ಉಳಿಯುತ್ತದೆ. ಒಂದೇ ಹೊಳೆ, ಒಂದೇ ರಾತ್ರಿ, ಒಂದೇ ಓಣಿ. ಅಲ್ಲಿಂದ ಎದ್ದು ಬಂದ ಬಹಳ ಮಂದಿ ಒಂದಷ್ಟು ತಿಂಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಕೆಲವರು ಅಲ್ಲೇ ಉಳಿದುಬಿಡುತ್ತಾರೆ. ಉಳಿದವರದು ಪುಕ್ಕಲು ಜೀವ ಅಂತ ಅಲ್ಲ. ಪೆಟ್ಟು ಬಿದ್ದಾಗ ಎಷ್ಟು ವಯಸ್ಸು, ಪಕ್ಕದಲ್ಲಿ ಯಾರಿದ್ದರು, ಆಮೇಲೆ ಹೇಳಿಕೊಂಡಾಗ ಯಾರಾದರೂ ನಂಬಿದರೇ, ಹಿಂದೆಯೂ ಪೆಟ್ಟು ಬಿದ್ದಿತ್ತೇ, ಇವೆಲ್ಲ ಸೇರಿ ಗಾಯದ ಆಳ ಗೊತ್ತಾಗುತ್ತದೆ.

ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ರೈತರೊಬ್ಬರನ್ನು ನೆನೆಸಿಕೊಳ್ಳಿ. ಐವತ್ತು ದಾಟಿದವರು. 2009ರ ಹೊಳೆ ಅವರ ಮನೆ ನುಗ್ಗಿತ್ತು, 2019ರ ಆಗಸ್ಟಿನಲ್ಲಿ ಮತ್ತೆ ನುಗ್ಗಿತು. ಆ ಸಲ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಇವರು ಹಗಲೆಲ್ಲ ಗಟ್ಟಿ ಮನುಷ್ಯ. ಪಂಚಾಯಿತಿಗೆ ಅಲೆದು ಅರ್ಜಿ ಕೊಟ್ಟವರು, ನಾಲ್ಕು ಮಂದಿಗೆ ಧೈರ್ಯ ಹೇಳಿದವರು. ರಾತ್ರಿ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಹೊರಸಿನ ಮೇಲೆ ಮಲಗಿದವರ ಬಲಗೈ ಕೆಳಗಿಳಿದು ನೆಲ ಮುಟ್ಟುತ್ತದೆ. ಒಣಗಿದೆಯೋ ಹಸಿಯಾಗಿದೆಯೋ ನೋಡುತ್ತದೆ. ಮತ್ತೆ ಮೇಲೆ ಬರುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಇಳಿಯುತ್ತದೆ. ಬೆಳತನಕ ಇದೇ. “ನಾ ಏನೂ ಮಾಡಂಗಿಲ್ರಿ, ಕೈ ತಾನ ಹೊಕ್ಕೈತ್ರಿ,” ಅಂದರು. ನಿದ್ದೆಗೆಟ್ಟು ಸಿಟ್ಟು ಹೆಚ್ಚಾಗಿ, ಒಂದು ದಿನ ಮಗನ ಮೇಲೆ ಕೈಯೆತ್ತಿದ ಮೇಲೆ ಅವರ ಮನೆಯವರು ಕರಕೊಂಡು ಬಂದಿದ್ದರು.

ಆ ಕೈಗೆ ಹುಚ್ಚು ಅನ್ನೋಣವೇ? ಮೆದುಳಿನ ಒಳಗೆ ಅಮಿಗ್ಡಲಾ ಅಂತ ಒಂದು ಸಣ್ಣ ಭಾಗ ಇದೆ. ಆಕಾರ ನೋಡಿ ಇಟ್ಟ ಹೆಸರು ಅದು, ಗ್ರೀಕಿನಲ್ಲಿ ಅಮಿಗ್ಡಲಾ ಅಂದರೆ ಬಾದಾಮಿ. ಬಾದಾಮಿ ತಾಲ್ಲೂಕಿನವರಿಗೆ ಇದನ್ನು ಹೇಳಿದಾಗ ಮುಖ ಅರಳಿತ್ತು. ಅದರ ಕೆಲಸ ಕಾವಲು. ವಿಚಾರ ಮಾಡುವ ಭಾಗಕ್ಕೆ ಸುದ್ದಿ ಮುಟ್ಟುವ ಮೊದಲೇ ಅದು ಮೈಗೆ ಎಚ್ಚರಿಕೆ ಕೊಟ್ಟಿರುತ್ತದೆ. ಅದರ ಪಕ್ಕದ ಹಿಪೊಕ್ಯಾಂಪಸ್ ಅನ್ನುವ ಭಾಗ, ಇದು ಎಲ್ಲಿ ನಡೆದದ್ದು, ಯಾವಾಗ ನಡೆದದ್ದು ಅಂತ ನೆನಪಿಗೆ ಜಾಗ, ಕಾಲ ಕಟ್ಟಿಕೊಡುತ್ತದೆ. ಜೀವಕ್ಕೇ ಕುತ್ತು ಬಂದ ಹೊತ್ತಿನಲ್ಲಿ ಈ ಕಟ್ಟಿಕೊಡುವ ಕೆಲಸ ಕೆಡಬಹುದು. ಆಗ ಆ ನೆನಪು ‘ಆಗ ನಡೆದದ್ದು’ ಆಗುವುದಿಲ್ಲ, ‘ಈಗ ನಡೆಯುತ್ತಿರುವುದು’ ಆಗಿ ಉಳಿಯುತ್ತದೆ. ಅವರ ಕೈ 2019ರ ಆಗಸ್ಟಿನಲ್ಲೇ ಇತ್ತು. ಕಾವಲುಗಾರ ನಿಷ್ಠೆಯಿಂದ ತನ್ನ ಕೆಲಸ ಮಾಡುತ್ತಿದ್ದ, ಪಾಳಿ ಮುಗಿಯಿತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಈಗ ನೀವು ಕೇಳಬಹುದು: ಹಾಗಾದರೆ ಹೇಳಿಬಿಡಿ, ಹೊಳೆ ಇಳಿದಿದೆ ಅಂತ. ನಾಲ್ಕು ಮಾತಿನ ಕೆಲಸ. ಅವರಿಗೆ ಅದು ಗೊತ್ತಿತ್ತು, ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದು ತಲೆಗೆ, ಕೈಗೆ ಗೊತ್ತಿಲ್ಲ. ಮೈಗೆ ಮಾತು ತಿಳಿಯಲು ಬೇರೆ ದಾರಿ ಬೇಕು, ಮತ್ತು ಆ ದಾರಿ ಉದ್ದ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಇಪ್ಪತ್ತರ ಒಳಗಿನ ಹುಡುಗಿಯೊಬ್ಬಳು ಬಂದಳು. ಎರಡನೆಯ ಭೇಟಿಯಲ್ಲೇ, ಮನಸ್ಸು ಹಗುರಾಗಲಿ ಅಂತ, ಎಲ್ಲ ಹೇಳಮ್ಮ ಅಂದೆ. ಹೇಳಿದಳು. ಒಂದು ತಾಸು, ಒಂದು ಹನಿ ಕಣ್ಣೀರಿಲ್ಲದೆ, ಬೇರೆ ಯಾರದೋ ಕಥೆ ಓದಿದ ಹಾಗೆ ಹೇಳಿದಳು. ಹೋಗುವಾಗ ಕೈ ಮುಗಿದಳು. ನಾನು ಒಳ್ಳೆಯ ಕೆಲಸ ಆಯಿತು ಅಂದುಕೊಂಡೆ. ಮರುವಾರ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಅವಳು ಅಳದೆ ಹೇಳಿದ್ದು ಧೈರ್ಯದಿಂದಲ್ಲ, ಮೈ ಮರಗಟ್ಟಿ. ಹಿಂದೆ ಒಬ್ಬರು ಅವಳ ಒಪ್ಪಿಗೆ ಕೇಳದೆ ಒಳಗೆ ನುಗ್ಗಿದ್ದರು, ನಾನೂ ಒಂದು ರೀತಿಯಲ್ಲಿ ಅದನ್ನೇ ಮಾಡಿದೆ. ಈಗಲೂ ಹೊಸಬರು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳು ನೆನಪಾಗುತ್ತಾಳೆ.

ಕಪ್ಪು ಎರೆಯ ನಾಡಿನವರಾದ ನಿಮಗೆ ಇದನ್ನು ಹೇಳಲು ನನಗೆ ಒಳ್ಳೆಯ ಶಬ್ದವೊಂದಿದೆ: ಹದ. ಮಳೆ ನಿಂತ ಮರುದಿನವೇ ಎರೆ ಹೊಲಕ್ಕೆ ಕೂರಿಗೆ ಹೂಡಿದರೆ ಎತ್ತು ಹೂತುಕೊಳ್ಳುತ್ತದೆ. ತಡಮಾಡಿದರೆ ನೆಲ ಬಿರಿದು ಬೀಜ ಏಳುವುದಿಲ್ಲ. ನಡುವೆ ಒಂದು ಹದ ಇದೆ. ಮನುಷ್ಯನ ಮೈಗೂ ಹಾಗೆಯೇ. ಡ್ಯಾನ್ ಸೀಗಲ್ ಎಂಬ ಅಮೆರಿಕದ ಮನೋವೈದ್ಯರು 1999ರಲ್ಲಿ ಇದನ್ನು ತಾಳಿಕೆಯ ಕಿಟಕಿ ಅಂತ ಕರೆದರು. ನಾನು ನನ್ನ ಕೋಣೆಯಲ್ಲಿ ಹದ ಅಂತಲೇ ಕರೆಯುತ್ತೇನೆ. ಹದ ಮೀರಿ ಮೇಲೆ ಹೋದರೆ ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಎದ್ದು ಓಡಬೇಕು ಅನಿಸುತ್ತದೆ. ಹದ ಬಿಟ್ಟು ಕೆಳಗೆ ಹೋದರೆ ಕೈಕಾಲು ತಣ್ಣಗಾಗುತ್ತವೆ, ಮಾತು ದೂರದಿಂದ ಕೇಳಿದಂತಾಗುತ್ತದೆ, ಕಣ್ಣು ಗೋಡೆಯ ಮೇಲೆ ನಿಲ್ಲುತ್ತದೆ. ಎರಡೂ ಕಡೆ ಬೀಜ ಹಾಕಿ ಪ್ರಯೋಜನವಿಲ್ಲ. ಆ ಹುಡುಗಿ ಹದದ ಕೆಳಗಿದ್ದಳು, ನಾನು ಬಿತ್ತಲು ಹೋದೆ.

ಅಮೆರಿಕದ ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಂಥ ಗಾಯ ಮಾಯುವ ದಾರಿಯಲ್ಲಿ ಮೂರು ಹಂತ ಗುರುತಿಸಿದರು. ಮೊದಲು ಸುರಕ್ಷಿತ ಅನಿಸಬೇಕು. ಆಮೇಲೆ ನೆನೆಸಿ ದುಃಖಿಸಬೇಕು. ಆಮೇಲೆ ಬಾಳಿನ ಜೊತೆ ಮತ್ತೆ ನಂಟು ಕಟ್ಟಿಕೊಳ್ಳಬೇಕು. ಬರೆಯುವಾಗ ಮೂರು ಸಾಲು. ಅನುಭವದಲ್ಲಿ ಮೊದಲನೆಯದಕ್ಕೇ ಒಂದು ವರ್ಷ ಹಿಡಿದದ್ದಿದೆ, ಮುಂದೆ ಹೋದವರು ತಿರುಗಿ ಮೊದಲಿಗೆ ಬಂದದ್ದೂ ಇದೆ.

ಮೊದಲ ಹಂತ ಹೊರಗಿನಿಂದ ನೋಡುವವರಿಗೆ ಏನೂ ನಡೆಯದ ಹಾಗೆ ಕಾಣುತ್ತದೆ. ಯಾವ ಕುರ್ಚಿ ಬೇಕು ಅಂತ ಕೇಳುತ್ತೇನೆ. ಬಹಳ ಮಂದಿ ಬಾಗಿಲು ಕಾಣುವ ಕುರ್ಚಿಯನ್ನೇ ಆರಿಸುತ್ತಾರೆ, ಆರಿಸಲಿ. ಬಾಗಿಲು ಪೂರ್ತಿ ಹಾಕಬೇಕೇ, ಅರ್ಧವೇ? ಫ್ಯಾನು ಎಷ್ಟಿರಬೇಕು? ನಾನು ಎದುರಿಗೆ ಕೂರಲೇ, ಓರೆಯಾಗಿ ಕೂರಲೇ? ಪೆಟ್ಟಿನ ಹೊತ್ತಿನಲ್ಲಿ ಯಾವುದೂ ಅವರ ಕೈಯಲ್ಲಿ ಇರಲಿಲ್ಲ. ಅದಕ್ಕೇ ಇಲ್ಲಿ ಸಣ್ಣಪುಟ್ಟದ್ದೂ ಅವರ ಕೈಯಲ್ಲಿ ಇರಬೇಕು. ‘ಸಾಕು’ ಅನ್ನುವ ಶಬ್ದವನ್ನು ಮೊದಲ ದಿನವೇ ಇಬ್ಬರೂ ಹೇಳಿ ಅಭ್ಯಾಸ ಮಾಡುತ್ತೇವೆ. ನಮ್ಮ ಹೆಣ್ಣುಮಕ್ಕಳಿಗೆ ಆ ಶಬ್ದ ಬಾಯಿಗೆ ಬರಲು ಎಷ್ಟು ವಾರ ಬೇಕಾಗುತ್ತದೆ ಗೊತ್ತೇ? ಊಟಕ್ಕೆ ಬಡಿಸುವವರಿಗೆ ಬಿಟ್ಟು ಇನ್ನಾರಿಗೂ ‘ಸಾಕು’ ಅಂದು ಗೊತ್ತಿಲ್ಲದವರಿದ್ದಾರೆ.

ಇಳಕಲ್ಲಿನಿಂದ ಬಸ್ಸು ಹಿಡಿದು ಬರುತ್ತಿದ್ದ ನೇಕಾರ ಹೆಣ್ಣುಮಗಳೊಬ್ಬರ ವಿಷಯ ಹೇಳುತ್ತೇನೆ. ಚಿಕ್ಕಂದಿನಲ್ಲಿ ಮನೆಯೊಳಗೇ ಪೆಟ್ಟು ತಿಂದವರು. ಕೋಣೆಗೆ ಬಂದು ಕೂತ ಹತ್ತು ನಿಮಿಷಕ್ಕೆ ಕಣ್ಣು ಗೋಡೆಗೆ ನಿಲ್ಲುತ್ತಿತ್ತು. ಪುಸ್ತಕದಲ್ಲಿ ಹೇಳಿದ ಹಾಗೆ ಉಸಿರು ಗಮನಿಸಿ ಅಂದೆ. ಉಸಿರು ಗಮನಿಸಿದರೆ ಅವರಿಗೆ ಭಯ ಹೆಚ್ಚಾಯಿತು. ಕೆಲವರಿಗೆ ಹಾಗೆ ಆಗುತ್ತದೆ, ಕಣ್ಣು ಮುಚ್ಚಿ ಉಸಿರು ನೋಡು ಅನ್ನುವುದು ಎಲ್ಲರಿಗೂ ಒಗ್ಗುವ ಮದ್ದಲ್ಲ. ಮಗ್ಗದ ವಿಷಯ ಕೇಳಿದೆ. ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುವುದು ಹೇಗೆ ಅಂತ ತೋರಿಸಿದರು. ಎಡಗಾಲು, ಬಲಗಾಲು. ಕೂತಲ್ಲೇ ತುಳಿಯುತ್ತ ತುಳಿಯುತ್ತ ಕಣ್ಣು ಗೋಡೆಯಿಂದ ಬಿಡಿಸಿಕೊಂಡು ನನ್ನ ಕಡೆ ಬಂತು. “ಕಾಲ ಇಲ್ಲೇ ಅದಾವ್ರಿ,” ಅಂದರು. ಅಲ್ಲಿಂದ ಮುಂದೆ ಅದೇ ನಮ್ಮ ಲಂಗರು. ಸೆರಗು ಜೋಡಿಸುವ ವಿಷಯವನ್ನೂ ಅವರಿಂದಲೇ ಕಲಿತೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಆಮೇಲೆ ಸೆರಗು ನೇಯ್ಗೆ. ಅವಸರಕ್ಕೆ ಎಳೆ ಹರಿಯುತ್ತದೆ ಅಂದರು. ನಾನು ಸುಮ್ಮನೆ ಕೇಳಿಸಿಕೊಂಡೆ.

ನನ್ನನ್ನು ‘ಇಂಟಿಗ್ರೇಟಿವ್’ ಚಿಕಿತ್ಸಕಿ ಅನ್ನುತ್ತಾರೆ. ಒಂದೇ ಮತಕ್ಕೆ ಕಟ್ಟುಬೀಳದೆ, ಹಲವು ಪದ್ಧತಿಗಳನ್ನು ವಿಚಾರ ಮಾಡಿ ಜೋಡಿಸಿ ಬಳಸುವವಳು ಅಂತ. ಕಂಡದ್ದನ್ನೆಲ್ಲ ಕಲಸುವುದು ಬೇರೆ, ಇದು ಬೇರೆ. ಗಾಯದ ನೆನಪನ್ನು ಹದವರಿತು ಎದುರಿಸಲು, ತಪ್ಪು ನನ್ನದೇ ಅನ್ನುವ ನಂಬಿಕೆಯನ್ನು ಪರೀಕ್ಷಿಸಲು ಅರಿವು-ವರ್ತನಾ ಚಿಕಿತ್ಸೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ 1987ರ ಹೊತ್ತಿಗೆ ಗುರುತಿಸಿ ಬೆಳೆಸಿದ, ನೆನಪನ್ನು ಮನಸ್ಸಿನಲ್ಲಿ ಹಿಡಿದು ಕಣ್ಣಾಲಿಗಳನ್ನು ಎಡಬಲಕ್ಕೆ ಆಡಿಸುವ ಇ.ಎಂ.ಡಿ.ಆರ್. ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಇವೆರಡನ್ನೂ ಶಿಫಾರಸು ಮಾಡಿದೆ. ಬಾಲ್ಯದ ನಂಟುಗಳು ಇವತ್ತಿನ ನಂಟುಗಳಲ್ಲಿ ಹೇಗೆ ಮರುಕಳಿಸುತ್ತವೆ ಅನ್ನುವುದನ್ನು ಮನೋವಿಶ್ಲೇಷಣೆಯ ಪರಂಪರೆಯಿಂದ ಕಲಿತಿದ್ದೇನೆ. ತೀರ್ಪು ಕೊಡದೆ ಕೇಳುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರಿಂದ. ಯಾವುದು ಯಾವಾಗ ಅನ್ನುವುದೇ ಕೆಲಸದ ಅರ್ಧ. ಒಂದೇ ಅಪಘಾತ ಕಂಡವರಿಗೆ ಕೆಲವು ತಿಂಗಳ ಚಿಕಿತ್ಸೆ ಸಾಕಾಗುವುದುಂಟು. ವರ್ಷಗಟ್ಟಲೆ, ಅದೂ ತನ್ನವರಿಂದಲೇ ನೋವುಂಡವರದು ಬೇರೆ ಲೆಕ್ಕ. 2022ರಿಂದ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ಪಟ್ಟಿ ಅದಕ್ಕೆ ಬೇರೆಯದೇ ಹೆಸರು ಕೊಟ್ಟಿದೆ. ಬರೀ ಬೆಚ್ಚಿಬೀಳುವುದು, ದುಃಸ್ವಪ್ನ ಇಷ್ಟೇ ಅಲ್ಲ. ಸಿಟ್ಟು ದುಃಖ ಹಿಡಿತಕ್ಕೆ ಸಿಗದಿರುವುದು, ನಾನು ಕೆಲಸಕ್ಕೆ ಬಾರದವಳು ಅನಿಸುವುದು, ಯಾರ ಜೊತೆಯೂ ಹತ್ತಿರವಾಗಲು ಆಗದಿರುವುದು, ಇವೂ ಅದರಲ್ಲಿ ಸೇರಿವೆ. ನಂಟಿನಲ್ಲಿ ಆದ ಗಾಯ ಅದು, ಮಾಯಲು ಇನ್ನೊಂದು ನಂಟೇ ಬೇಕು. ಮೂರು ವರ್ಷ ಯಾಕೆ ಅಂದರೆ ಇದಕ್ಕೆ.

ಆ ನಂಟು ಸವೆಯುತ್ತದೆ, ಮುರಿಯುತ್ತದೆ ಕೂಡ. ಒಮ್ಮೆ ಮನೆಯಲ್ಲಿ ಕಾಯಿಲೆ ಅಂತ ನಾನು ಎರಡು ವಾರ ರಜೆ ಹಾಕಿದೆ, ಮೊದಲೇ ತಿಳಿಸಲು ಆಗಲಿಲ್ಲ. ತಿರುಗಿ ಬಂದಾಗ ಇಳಕಲ್ಲಿನ ಆ ಹೆಣ್ಣುಮಗಳು ನಗುತ್ತಲೇ ಕೂತರು. ಎಲ್ಲ ಆರಾಮ ಐತ್ರಿ, ಇನ್ನ ಬರೂದು ಬ್ಯಾಡ ಅನಸ್ತೈತ್ರಿ ಅಂದರು. ಬಿಟ್ಟು ಹೋದವರ ಮೇಲೆ ಸಿಟ್ಟು ಮಾಡಿಕೊಂಡರೆ ಪೆಟ್ಟು ಬೀಳುತ್ತದೆ ಅಂತ ಐದನೆಯ ವಯಸ್ಸಿನಲ್ಲೇ ಕಲಿತ ನಗು ಅದು. “ನಾ ಹೇಳದ ಹೋದೆ. ನಿಮಗ ಸಿಟ್ಟ ಬಂದಿರಬೇಕು,” ಅಂದೆ. ಬಹಳ ಹೊತ್ತು ಸುಮ್ಮನಿದ್ದು, “ಹೌದ್ರಿ. ಬಾಳ ಸಿಟ್ಟ ಬಂದೈತ್ರಿ ನಿಮ್ಮ ಮ್ಯಾಲ,” ಅಂದರು. ನಾನು ತಪ್ಪಾಯಿತು ಅಂದೆ. ಆಕಾಶ ಕಳಚಿ ಬೀಳಲಿಲ್ಲ. ಒಬ್ಬರ ಮೇಲೆ ಸಿಟ್ಟಾಗಿಯೂ ಅವರ ಎದುರಿಗೇ ಕೂತಿರಬಹುದು ಅನ್ನುವುದು ಅವರ ನಲವತ್ತು ವರ್ಷದ ಬಾಳಿನಲ್ಲಿ ಮೊದಲ ಸಲ ನಡೆದಿತ್ತು. ಯಾವ ತಂತ್ರಕ್ಕಿಂತ ಆ ದಿನ ಹೆಚ್ಚು ಕೆಲಸ ಮಾಡಿತು ಅಂತ ನಾನು ನಂಬಿದ್ದೇನೆ.

ಎರಡನೆಯ ಹಂತದ ದುಃಖದ ಬಗ್ಗೆ ಈ ಊರಿನಲ್ಲಿ ನಿಂತು ಮಾತಾಡದೆ ಹೋದರೆ ತಪ್ಪಾಗುತ್ತದೆ. ನಮ್ಮ ಕಡೆ ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋದ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ ಎತ್ತಿ ಎತ್ತಿ, ರಾಗ ಮಾಡಿ, ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅಳುತ್ತಾರೆ. ಅದೊಂದು ದೊಡ್ಡ ಚಿಕಿತ್ಸೆ, ಅದನ್ನು ಅನಾಗರಿಕ ಅಂತ ಕೈಬಿಟ್ಟವರು ನಷ್ಟ ಮಾಡಿಕೊಂಡರು. ಆದರೆ ಒಂದು ಊರು ಸತ್ತರೆ? ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿಗಳು, ಸುತ್ತಿನ ಹಳ್ಳಿಗಳ ಗುಡಿಕಟ್ಟೆಗಳು ಹಿನ್ನೀರಿನ ಪಾಲಾದಾಗ ಹಾಡ್ಯಾಡಿ ಅಳಲು ಯಾರಿಗೂ ಒಂದು ದಿನ ಸಿಗಲಿಲ್ಲ. ಚೆಕ್ಕು ಬಂತು, ನವನಗರದ ಸೆಕ್ಟರಿನಲ್ಲಿ ನಿವೇಶನ ಬಂತು, ಮನೆ ಕಟ್ಟಿದ್ದಾಯಿತು. ದುಡ್ಡು ಬಂದಿದೆಯಲ್ಲ, ಅಳುವುದೇನು ಅಂದರು. ಬೇಸಿಗೆಯಲ್ಲಿ ನೀರು ಇಳಿದಾಗ ತನ್ನ ಹಳೆಯ ಮನೆಯ ಜಾಗ ಹುಡುಕಿಕೊಂಡು ಹೋಗಿ ಬರುವ ಅಜ್ಜನನ್ನು ಮೊಮ್ಮಕ್ಕಳು ನಕ್ಕು ಬಯ್ಯುತ್ತಾರೆ. ಬಯ್ಯಬೇಡಿ. ಸಾಧ್ಯವಾದರೆ ಜೊತೆಗೆ ಹೋಗಿ, ಅಡಿಗೆಮನೆ ಎಲ್ಲಿತ್ತು ಅಂತ ಕೇಳಿ.

ಇಲ್ಲೇ ನನ್ನ ಕೆಲಸದ ಎಲ್ಲೆಯೂ ಕಾಣುತ್ತದೆ. ಅಪಾಯ ಮುಗಿದಿದೆ ಅಂತ ಮೈಗೆ ತಿಳಿಸುವುದು ನನ್ನ ಕೆಲಸ ಅಂದೆ. ಮುಗಿಯದೇ ಇದ್ದರೆ? ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರುವ ಮಾತು ವರ್ಷಗಳಿಂದ ಇದೆ. ಇನ್ನೂ ಮುಳುಗಬೇಕಾದ ಮನೆಯಲ್ಲಿ ಕೂತವರಿಗೆ ನಾನು ಏನು ಸುರಕ್ಷಿತ ಅಂತ ಹೇಳಲಿ? ಕುಡಿದು ಹೊಡೆಯುವ ಗಂಡನ ಮನೆಗೇ ತಿರುಗಿ ಹೋಗುವ ಹೆಣ್ಣುಮಗಳಿಗೆ? ಅಂಥ ಕಡೆ ಅವರ ಭಯ ರೋಗವಲ್ಲ, ಸರಿಯಾದ ಸುದ್ದಿ. ಅಲ್ಲಿ ಮೊದಲು ಬೇಕಾದದ್ದು ವಕೀಲರು, ಸಾಂತ್ವನ ಕೇಂದ್ರ, ಹಕ್ಕುಪತ್ರ, ತವರಿನ ಒಂದು ಕೋಣೆ. ಅದನ್ನು ಬಿಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಿ ಅನ್ನುವ ಚಿಕಿತ್ಸೆಯನ್ನು ನಾನು ಒಪ್ಪುವುದಿಲ್ಲ.

ಗುಟ್ಟಿನ ಬಗ್ಗೆ ಒಬ್ಬ ತಾಯಿ ಚೀಟಿ ಬರೆದು ಕೇಳಿದ್ದರು. ಯಾರಾದರೂ ಸಿಕ್ಕರೆ “ಯಾವೂರು, ಯಾರ ಪೈಕಿ?” ಅಂತ ಕೇಳುವ ಸೀಮೆ ನಮ್ಮದು. ನಾನು ಅದನ್ನು ಕೇಳುವುದಿಲ್ಲ. ಸಂತೆಯಲ್ಲಿ ಸಿಕ್ಕರೆ ನಾನಾಗಿ ಮಾತಾಡಿಸುವುದೂ ಇಲ್ಲ, ಮೊದಲೇ ಹೇಳಿರುತ್ತೇನೆ, ಸೊಕ್ಕು ಅಂದುಕೊಳ್ಳಬೇಡಿ ಅಂತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಗುಟ್ಟನ್ನು ನಿಮ್ಮ ಹಕ್ಕು ಅಂತ ಹೇಳಿದೆ. ಜೀವಕ್ಕೆ ಅಪಾಯ ಇದ್ದಾಗ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಾಗ ಮಾತ್ರ ನಾನು ಸುಮ್ಮನಿರುವಂತಿಲ್ಲ. ಎರಡನೆಯದನ್ನು 2012ರ ಪೋಕ್ಸೋ ಕಾಯ್ದೆಯಂತೆ ತಿಳಿಸಲೇಬೇಕು. ಇದನ್ನೂ ಮೊದಲ ದಿನವೇ ಹೇಳುತ್ತೇನೆ, ಆಮೇಲೆ ಹೇಳಿದರೆ ಮೋಸವಾಗುತ್ತದೆ.

ಬಸ್ ಚಾರ್ಜು, ಒಂದು ದಿನದ ಕೂಲಿ, ಅತ್ತೆಗೆ ಹೇಳುವ ನೆಪ, ಇವೆಲ್ಲ ದೊಡ್ಡ ಅಡ್ಡಿಗಳು. ಫೋನಿನಲ್ಲಿ ಮಾತಾಡುವವರು ಮಾಳಿಗೆ ಹತ್ತಿ, ದನದ ಕೊಟ್ಟಿಗೆಯಲ್ಲಿ ಕೂತು ಮಾತಾಡುತ್ತಾರೆ. ‘ಧಾರವಾಡಕ್ಕ ಕಳಸಬೇಕಾಗ್ತದ’ ಅನ್ನುವ ಬೈಗುಳ ಕೇಳಿ ಬೆಳೆದವರು ನಾವು, ಅಲ್ಲಿನ ಮಾನಸಿಕ ಆಸ್ಪತ್ರೆ ಎಷ್ಟೋ ಮನೆ ಉಳಿಸಿದ್ದರೂ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ.

ಇನ್ನು ಆ ಹೊರಸಿನ ಯಜಮಾನರು. ಮೊದಲ ತಿಂಗಳುಗಳಲ್ಲಿ ನಾವು ಹೊಳೆಯ ಮಾತೇ ಎತ್ತಲಿಲ್ಲ, ನಿದ್ದೆ, ಚಹಾ, ಮಗನ ಜೊತೆಗಿನ ಮಾತು ಇಷ್ಟೇ. ಆಮೇಲೆ ಆ ಕೈಯನ್ನು ಬಯ್ಯುವುದು ಬಿಟ್ಟೆವು. ಕೈ ನೆಲ ಮುಟ್ಟಲಿ, ಮುಟ್ಟಿದಾಗ ಅಲ್ಲಿ ಏನಿದೆ ಅಂತ ನಿಧಾನ ಸವರಿ ನೋಡಲಿ ಅಂದೆ. ಒಣ ನೆಲ, ಫರಸಿಯ ತಂಪು, ಸಂದಿಯ ಮಣ್ಣು. ದಿನಾ ಮಲಗುವ ಮುಂಚೆ, ಮಳೆ ಇಲ್ಲದಾಗಲೂ. ಎರಡನೆಯ ವರ್ಷ ಹದ ನೋಡಿ ಆ ರಾತ್ರಿಯ ಬಳಿ ಹೋದೆವು. ಐದು ನಿಮಿಷ ಹೋಗುವುದು, ತಿರುಗಿ ಬರುವುದು. ಎದೆಮಟ್ಟ ನೀರಿನಲ್ಲಿ ಎಮ್ಮೆಯ ಹಗ್ಗ ಬಿಚ್ಚಲಾಗದೆ ಬಿಟ್ಟು ಬಂದದ್ದನ್ನು ಹೇಳಿದ ದಿನ ಅವರು ಮೊದಲ ಸಲ ಅತ್ತರು. ಅದಕ್ಕೆ ಹೆಸರಿತ್ತು, ಕರೆದರೆ ತಿರುಗಿ ನೋಡುತ್ತಿತ್ತು. ಮನೆಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ, ಮಂದಿ ಮಕ್ಕಳನ್ನು ಕಳಕೊಂಡಾಗ ಎಮ್ಮೆಗೆ ಏನಳುವುದು ಅಂತ.

ಹೋದ ಮಳೆಗಾಲದ ಒಂದು ಸೋಮವಾರ ಬಂದು ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, “ರಾತ್ರಿ ಬಾಳ ಮಳಿ ಆಗಿತ್ತಂತ್ರಿ ನಮ್ಮ ಕಡೆ,” ಅಂದರು.

“ಆಗಿತ್ತಂತ?” ಅಂದೆ.

“ಮನ್ಯಾಕಿ ಹೇಳಿದ್ಲ್ರಿ, ಮುಂಜಾನೆ.”

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹೊಸ ಎಮ್ಮೆ ತಂದಿದ್ದಾರೆ. ರಾತ್ರಿ ಅದನ್ನು ಕಟ್ಟದೆ ಬಿಡುತ್ತಾರಂತೆ, ಅದರ ಬಗ್ಗೆ ನಾವಿನ್ನೂ ಮಾತಾಡಿಲ್ಲ.